ರಿವಾಲ್ವರ್ ಪ್ರೈಮರ್ ಬದಲಿಸುವ ಮುನ್ನ

ಅಮೆರಿಕದಲ್ಲಿ .357 ಮ್ಯಾಗ್ನಮ್ ರಿವಾಲ್ವರ್ ತೋಟಾಗಳನ್ನು ರೀಲೋಡ್ ಮಾಡುವ (ಖಾಲಿ ಕೇಸು, ಅಂದರೆ ತೋಟಾದ ಲೋಹದ ಕವಚಕ್ಕೆ ಮತ್ತೆ ಪ್ರೈಮರ್, ಪೌಡರ್, ಗುಂಡು ತುಂಬುವ) ಸದಸ್ಯರ ಗಮನಕ್ಕೆ. ಪ್ರೈಮರ್ ಎಂದರೆ ಹೊಡೆತಕ್ಕೆ ಸಿಡಿದು ಪೌಡರ್ ಹೊತ್ತಿಸುವ, ಕೇಸಿನ ತಳದ ಪುಟ್ಟ ಬಟ್ಟಲು.

ಟ್ರಿಗರ್ ಹಗುರಾಗಲೆಂದು ಸ್ಪ್ರಿಂಗ್ ಬದಲಿಸಿದ ರಿವಾಲ್ವರ್‌ನ ಹೊಡೆತ ಮೆತ್ತಗಿರುತ್ತದೆ. ಅದಕ್ಕೆ ಫೆಡರಲ್ 100 ಪ್ರೈಮರ್ ಒಳ್ಳೆಯದು, ಬೇಗ ಸಿಡಿಯುತ್ತದೆ. ಸಿಸಿಐ 500 ಸ್ವಲ್ಪ ಗಟ್ಟಿ. ಆದರೆ ಮೊದಲ ಹೊಡೆತ ಹುಸಿಹೋಗಿ ಎರಡನೆಯದಕ್ಕೆ ಸಿಡಿದರೆ ಬ್ರ್ಯಾಂಡನ್ನು ದೂರಬೇಡಿ. ಹೀಗಾದಾಗ ಬಹುಪಾಲು ಸಲ ಪ್ರೈಮರ್ ಕೇಸಿನ ಗುಳಿಯಲ್ಲಿ ಪೂರ್ತಿ ಕೂತಿರುವುದಿಲ್ಲ. ಮೊದಲ ಹೊಡೆತದ ಬಲ ಅದನ್ನು ಒಳತಳ್ಳುವುದರಲ್ಲೇ ಮುಗಿದಿರುತ್ತದೆ. ಪ್ರೈಮರ್ ಕೇಸಿನ ತಳಕ್ಕಿಂತ 0.003–0.005 ಇಂಚು ಒಳಗಿರಲಿ, ಬೆರಳಾಡಿಸಿ ನೋಡಿ. ಉಬ್ಬಿದ್ದರೆ ಸಿಲಿಂಡರ್ ಕೂಡ ಸಿಕ್ಕಿಕೊಳ್ಳುತ್ತದೆ.

ಮ್ಯಾಗ್ನಮ್ ಪ್ರೈಮರ್ (ಸಿಸಿಐ 550) ಬೇಕಿರುವುದು ಎಚ್110 ತರಹದ, ಸುಲಭವಾಗಿ ಹೊತ್ತಿಕೊಳ್ಳದ ಬಾಲ್ ಪೌಡರ್‌ಗೆ (ದುಂಡು ಕಣಗಳ ಪೌಡರ್). ಕೇಸಿನ ಹೆಸರಲ್ಲಿ ಮ್ಯಾಗ್ನಮ್ ಇದೆಯೆಂದು ಅದನ್ನೇ ಹಾಕಬೇಕಿಲ್ಲ! ಪ್ರೈಮರ್ ಬದಲಾದರೆ ಒತ್ತಡವೂ ಬದಲಾಗುತ್ತದೆ, ಕೈಪಿಡಿಯ ಆರಂಭಿಕ ಪೌಡರ್ ಪ್ರಮಾಣದಿಂದ ಮತ್ತೆ ಶುರುಮಾಡಿ.

.44 ಮ್ಯಾಗ್ನಮ್‌ಗೆ ಲಾರ್ಜ್ ರೈಫಲ್ ಪ್ರೈಮರ್ ಬೇಡವೇ ಬೇಡ. ಪಿಸ್ತೂಲಿನ ಲಾರ್ಜ್ ಪ್ರೈಮರ್‌ಗೂ ಅದಕ್ಕೂ ವ್ಯಾಸ ಒಂದೇ, ಆದರೆ ಎತ್ತರ ಹೆಚ್ಚು, ಹೊರಗೆ ಉಬ್ಬಿಕೊಳ್ಳುತ್ತದೆ.