ಮೊದಲ ಶುಕ್ರವಾರದ ಪರಿಹಾರ ಪ್ರಾರ್ಥನೆ

ಮಾನ್ಯ ಸಂಪಾದಕರೆ,

ತಿಂಗಳ ಮೊದಲ ಶುಕ್ರವಾರ ತಪ್ಪದೆ ಚರ್ಚಿಗೆ ಹೊರಡುವ ನನ್ನನ್ನು ಕಂಡು ನೆರೆಮನೆಯವರು ‘ಯಾವ ಹರಕೆ ಹೊತ್ತಿದ್ದೀರಿ?’ ಎಂದು ಕೇಳಿದರು. ಅವರು ಹಾಗೆ ಕೇಳಿದ್ದು ಸಹಜವೇ. ದಾವಣಗೆರೆಯ ಕಥೋಲಿಕರಾದ ನಮ್ಮಲ್ಲಿಯೂ ಎಷ್ಟೋ ಮಂದಿ ಸತತ ಒಂಬತ್ತು ತಿಂಗಳ ಮೊದಲ ಶುಕ್ರವಾರಗಳಂದು ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುವ ವ್ರತವನ್ನು ಕೆಲಸ ಸಿಗಲಿ, ಮಗಳಿಗೆ ಸಂಬಂಧ ಕೂಡಿಬರಲಿ ಎಂದು ಬೇಡಿಕೊಂಡೇ ಮುಗಿಸುತ್ತೇವೆ. ಕಷ್ಟವನ್ನು ಮಾತೆ ಮರಿಯಳ ಮುಂದೆ ತೋಡಿಕೊಳ್ಳಲು ಹರಿಹರದ ಆರೋಗ್ಯಮಾತೆಯ ಬಸಿಲಿಕ ಹತ್ತಿರದಲ್ಲೇ ಇದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿಗೆ ನಡೆದು ಹೋಗುವವರನ್ನು ನಾನು ಗೌರವಿಸುತ್ತೇನೆ. ಆದರೆ ಈ ಮೊದಲ ಶುಕ್ರವಾರಗಳ ಹಿಂದಿರುವ ಪರಿಹಾರ ಭಕ್ತಿಯ, ಅಂದರೆ ಮನುಷ್ಯರ ಪಾಪಗಳಿಂದ ಯೇಸುವಿಗಾದ ನೋವಿಗೆ ಪ್ರೀತಿಯಿಂದ ಪ್ರಾಯಶ್ಚಿತ್ತ ಸಲ್ಲಿಸುವ ಭಕ್ತಿಯ ದಾರಿ ಬೇರೆ.

‘ಪರಿಹಾರ’ವೆಂದರೆ ಬೆಳೆ ಹಾಳಾದಾಗ ಸರ್ಕಾರ ಕೊಡುವ ಹಣ, ಇಲ್ಲವೆ ಕಷ್ಟದಿಂದ ಸಿಗುವ ಬಿಡುಗಡೆ ಎಂದೇ ನಮ್ಮ ಕಿವಿಗೆ ಕೇಳಿಸುವುದರಿಂದ, ಇಲ್ಲಿ ಪಡೆಯುವವರು ನಾವೆಂದು ಭಾವಿಸಿಬಿಡುತ್ತೇವೆ. ಫ್ರಾನ್ಸಿನ ಪಾರೆ-ಲೆ-ಮೋನಿಯಾಲ್ ಕಾನ್ವೆಂಟಿನಲ್ಲಿ 1673ರಿಂದ 1675ರವರೆಗೆ ಸಂತ ಮಾರ್ಗರೆಟ್ ಮೇರಿ ಅಲಕೋಕ್ ಅವರಿಗೆ ದರ್ಶನವಿತ್ತ ಯೇಸು ತಮ್ಮ ಹೃದಯವನ್ನು ತೋರಿಸಿ ಹೇಳಿಕೊಂಡದ್ದು ಇಷ್ಟೊಂದು ಪ್ರೀತಿಗೆ ಪ್ರತಿಯಾಗಿ ದೊರೆತ ಕೃತಘ್ನತೆಯ ನೋವನ್ನು. ಗುರುವಾರ ರಾತ್ರಿ ಹನ್ನೊಂದರಿಂದ ಹನ್ನೆರಡರವರೆಗೆ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಪಟ್ಟ ಸಂಕಟವನ್ನು ನೆನೆದು ಎಚ್ಚರವಾಗಿರುವ ಪವಿತ್ರ ತಾಸು, ಮರುದಿನದ ಪರಮಪ್ರಸಾದ ಸ್ವೀಕಾರ, ಇವೆರಡೂ ಶಿಷ್ಯರು ನಿದ್ದೆಹೋದ ಆ ರಾತ್ರಿ ಒಂಟಿಯಾಗಿದ್ದವನ ಬಳಿ ಕುಳಿತುಕೊಳ್ಳುವುದಕ್ಕಾಗಿ ಇರುವಂಥವು. 1925ರ ಡಿಸೆಂಬರ್ 10ರಂದು ಸ್ಪೇನಿನ ಪೊಂತೆವೆದ್ರದಲ್ಲಿ ಪೋರ್ಚುಗಲ್‌ನ ಫಾತಿಮಾದಲ್ಲಿ ಬಾಲ್ಯದಲ್ಲೇ ಮಾತೆಯ ದರ್ಶನ ಕಂಡಿದ್ದ ಲೂಸಿಯಾ ಅವರಿಗೆ ಮಾತೆ ಮರಿಯ ತಿಳಿಸಿದ ಐದು ಮೊದಲ ಶನಿವಾರಗಳ ಭಕ್ತಿಯಲ್ಲಿಯೂ ಪಾಪನಿವೇದನೆ, ಪರಮಪ್ರಸಾದ, ಹತ್ತು ಹತ್ತು ಮಣಿಗಳ ಐದು ಸುತ್ತಿನ ಜಪಸರ, ಹದಿನೈದು ನಿಮಿಷಗಳ ಧ್ಯಾನ ಎಲ್ಲವನ್ನೂ ಪರಿಹಾರದ ಉದ್ದೇಶದಿಂದಲೇ ಮಾಡಬೇಕೆಂದಿದೆ.

ಹನ್ನೊಂದನೆಯ ಪಿಯುಸ್ ಪೋಪರು 1928ರಲ್ಲಿ, ಯೇಸುವಿನ ಪವಿತ್ರ ಹೃದಯದ ಹಬ್ಬದಂದು ಪ್ರತಿವರ್ಷ ಎಲ್ಲ ಚರ್ಚುಗಳಲ್ಲಿ ಹೇಳಬೇಕೆಂದು ವಿಧಿಸಿದ ಪರಿಹಾರ ಪ್ರಾರ್ಥನೆಯನ್ನು ನಾವು ಬಾಯಿಪಾಠದಂತೆ ಒಪ್ಪಿಸುತ್ತೇವೆ. ಅದರಲ್ಲಿ ನಮ್ಮ ಪಾಪಗಳನ್ನೂ ಒಪ್ಪಿಕೊಂಡಿರುತ್ತೇವೆ ಎಂಬುದು ಎಷ್ಟು ಜನರ ಮನಸ್ಸಿಗೆ ಬರುತ್ತದೆ? ಪೋಪ್ ಫ್ರಾನ್ಸಿಸ್ 2024ರ ಅಕ್ಟೋಬರ್‌ನಲ್ಲಿ ಇಡೀ ಧರ್ಮಸಭೆಗೆ ಬರೆದ ವಿಶ್ವಪತ್ರದಲ್ಲಿ ಇದನ್ನು ಇನ್ನೂ ಮುಂದಕ್ಕೊಯ್ದು, ನೋಯಿಸಿದವರ ಬಳಿ ಕ್ಷಮೆ ಕೇಳುವುದನ್ನೂ ಸಮಾಜದಲ್ಲಾದ ಹಾನಿಯನ್ನು ಸರಿಪಡಿಸುವುದನ್ನೂ ಪರಿಹಾರದೊಳಗೇ ಸೇರಿಸಿದ್ದಾರೆ. ಅದನ್ನು ತಿಳಿದ ಮೇಲೆ, ಆಸ್ತಿಯ ಮಾತಿನಲ್ಲಿ ಮುನಿದು ವರ್ಷಗಟ್ಟಲೆ ಮಾತು ಬಿಟ್ಟಿದ್ದ ತಮ್ಮನ ಮನೆಗೆ ಹೋಗದೆ ನನ್ನ ಒಂಬತ್ತನೆಯ ಶುಕ್ರವಾರ ಪೂರ್ತಿಯಾಗದು ಎನಿಸಿತು, ಹೋಗಿ ಬಂದೆ.

ಪವಿತ್ರ ಹೃದಯದ ಹಬ್ಬದಂದು ಆ ಪ್ರಾರ್ಥನೆಗೆ ಮೊದಲು ಅದರ ಅರ್ಥವನ್ನು ಐದು ನಿಮಿಷ ಕನ್ನಡದಲ್ಲಿ ಬಿಡಿಸಿ ಹೇಳಬೇಕೆಂದೂ, ಹಗಲೆಲ್ಲ ದುಡಿಯುವವರಿಗೆ ಅನುಕೂಲವಾಗುವಂತೆ ಪವಿತ್ರ ತಾಸನ್ನು ತಿಂಗಳಿಗೊಮ್ಮೆ ಸಂಜೆಯಾದರೂ ನಡೆಸಬೇಕೆಂದೂ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಧರ್ಮಕೇಂದ್ರಗಳ ಗುರುಗಳಲ್ಲಿ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

— ಒಬ್ಬ ಓದುಗ, ದಾವಣಗೆರೆ