ಅವ್ರು ಏನ್ ಉಣ್ತಿದ್ರು ಮಗಾ?

ಪುಸ್ತಕ ಕೊನೆಗೂ ಅಚ್ಚಿಗೆ ಹೋಯಿತು. ಮೊನ್ನೆ ಶುಕ್ರವಾರ ಸಂಜೆ ಪ್ರೆಸ್‌ನಿಂದ ಫೋನ್ ಬಂತು. "ಮೇಡಂ, ಕೊನೇ ಫಾರಂ ಓಡ್ತಾ ಇದೆ" ಅಂದರು. ಫೋನ್ ಇಟ್ಟು ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ. ಆರು ವರ್ಷ. ಯಾವ ಭೂಪಟದಲ್ಲೂ ಇಲ್ಲದ ಒಂದು ದ್ವೀಪ, ಅಲ್ಲಿನ ಗುಲಾಮರು ಎದ್ದು ನಿಂತದ್ದು, ಕಡಲಾಚೆಯಿಂದ ಬಂದವರ ಆಳ್ವಿಕೆ ಕುಸಿದು ಬಿದ್ದದ್ದು. ಇಷ್ಟನ್ನು ಬರೆಯೋಕೆ ಆರು ವರ್ಷ ಹಿಡಿಯಿತು. ಇಲ್ಲದ ಊರಿನ ಇತಿಹಾಸ ಯಾಕೆ ಬರೀತೀಯ ಅಂತ ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಅದಕ್ಕೇ ಮೊದಲು ಥ್ಯಾಂಕ್ಸ್ ಹೇಳಬೇಕು.

ನಡುವೆ ಆ ಮಾರ್ಚ್ ತಿಂಗಳು ಬಂತು. ಆಗ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಮತ್ತೆ ಬರೆಯಲ್ಲ.

ಹಸ್ತಪ್ರತಿಯನ್ನು ಮೂರು ಸಲ ಓದಿದ ಸಂಪಾದಕಿಗೆ, ದ್ವೀಪದ ನಕ್ಷೆ ಬರೆದು ನಾನು ಹೇಳಿದಾಗಲೆಲ್ಲ ನದಿಯ ದಿಕ್ಕು ಬದಲಿಸಿಕೊಟ್ಟ ಗೆಳೆಯನಿಗೆ, ಫ್ರೆಂಚ್ ಹೆಸರುಗಳನ್ನು ಹೇಗೆ ಹೇಳಬೇಕು ಅಂತ ರಾತ್ರಿ ಹನ್ನೊಂದಕ್ಕೂ ವಾಯ್ಸ್ ಮೆಸೇಜ್ ಕಳಿಸುತ್ತಿದ್ದ ಪುದುಚೇರಿಯ ಗೆಳತಿಗೆ, ನನ್ನ ಪೀರಿಯಡ್‌ಗಳನ್ನು ತಾವೇ ತೆಗೆದುಕೊಂಡ ಸ್ಟಾಫ್‌ರೂಮಿನವರಿಗೆ, ಮನೆಯಲ್ಲಿ ಅಮ್ಮನನ್ನು ನೋಡಿಕೊಂಡ ತಮ್ಮನಿಗೆ, ನಿಮ್ಮೆಲ್ಲರಿಗೂ ಋಣಿ.

ಯಲ್ಲಾಪುರದ ಗೆಳತಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಅವಳು ಸಿದ್ದಿ ಸಮುದಾಯದವಳು. ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದವರ ಕತೆ ನನಗೆ ಓದಿ ತಿಳಿದದ್ದು, ಅವಳಿಗೆ ಮನೆಯ ಕತೆ. ದಂಗೆಯ ಅಧ್ಯಾಯ ಓದಿ, "ನಿನ್ನ ಜನ ಅಳೋಕೂ ಡೋಲು ಬಡೀತಾರೆ, ನಗೋಕೂ ಡೋಲು ಬಡೀತಾರೆ. ನಮ್ಮಲ್ಲಿ ಡಮಾಮಿ ಬಾರಿಸೋಕೆ ಒಂದು ಹೊತ್ತಿದೆ" ಅಂದಳು. ಹನ್ನೊಂದು ಕಡೆ ಡೋಲು ತೆಗೆದೆ. ಎರಡು ಕಡೆ ಉಳಿಯಿತು. ಆ ಎರಡೂ ಈಗ ಕೇಳಿಸುತ್ತವೆ.

ಇನ್ನು ದೊಡ್ಡವ್ವ.

ನನ್ನ ಅಮ್ಮನ ಅಕ್ಕ. ಮದ್ದೂರಿನ ಹತ್ತಿರದ ಹಳ್ಳಿಯವಳು. ಓದಿದ್ದು ನಾಲ್ಕನೇ ಕ್ಲಾಸು. ಮೂವತ್ತು ವರ್ಷ ಅವರ ಮನೆಯಲ್ಲಿ ಆಲೆಮನೆ ನಡೆಯಿತು. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತೋಕೆ ಆಗಲ್ಲ. ತಮ್ಮ ಇನ್ನೂ ದಾರಿಯಲ್ಲಿದ್ದ. ಆ ಮಾರ್ಚಿನ ರಾತ್ರಿ, ಅಪ್ಪ ಒಳಗಿದ್ದ ಐಸಿಯು ಹೊರಗೆ ನಾನೊಬ್ಬಳೇ ಇದ್ದೆ. ಒಂಬತ್ತು ಗಂಟೆಗೆ ದೊಡ್ಡವ್ವ ಬಂದಳು. ಕೈಯಲ್ಲಿ ಒಂದು ಚಾಪೆ, ಒಂದು ಫ್ಲಾಸ್ಕು. ಸೆಕ್ಯೂರಿಟಿಯವನು ಒಬ್ಬರೇ ಇರಬೇಕು ಅಂದ. "ನಾವಿಬ್ರೂ ಒಬ್ರೇ ಕಣಪ್ಪ" ಅಂದು ಚಾಪೆ ಹಾಸಿದಳು. ಅವನು ಮತ್ತೆ ಏನೂ ಹೇಳಲಿಲ್ಲ.

ನನಗೆ ಕೈ ನಡುಗುತ್ತಿತ್ತು. ಅವಳು ಧೈರ್ಯದ ಮಾತು ಒಂದೂ ಆಡಲಿಲ್ಲ. ಎಸಿಯ ಚಳಿಗೆ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಕೂತು, "ಅದೇನೋ ಕತೆ ಬರೀತಿದ್ಯಲ್ಲ, ಹೇಳು" ಅಂದಳು.

ಮೊದಲು ಬೇಡ ಅನ್ನಿಸಿತು. ಆಮೇಲೆ ಶುರು ಮಾಡಿದೆ. ದ್ವೀಪ ನನ್ನದು, ಆದರೆ ಅದರ ಬೇರು ನಿಜವಾದ ಒಂದು ದ್ವೀಪದಲ್ಲಿದೆ ಅಂದೆ. ಈಗ ಅದಕ್ಕೆ ಹೈಟಿ ಅಂತಾರೆ. ಆಗ ಅದು ಫ್ರೆಂಚರ ವಸಾಹತು, ಹೆಸರು ಸಾಂ-ದೊಮಾಂಗ್. 1789ರ ಹೊತ್ತಿಗೆ ಅಲ್ಲಿ ಸುಮಾರು 5 ಲಕ್ಷ ಗುಲಾಮರಿದ್ದರು. ಬಿಳಿಯರು 40 ಸಾವಿರದ ಒಳಗೆ. ಯುರೋಪಿನವರು ತಿನ್ನುತ್ತಿದ್ದ ಸಕ್ಕರೆಯಲ್ಲಿ ಹತ್ತಕ್ಕೆ ನಾಲ್ಕು ಪಾಲು ಅಲ್ಲಿಂದ ಹೋಗುತ್ತಿತ್ತು.

"ಕಬ್ಬಾ?" ಅಂದಳು ದೊಡ್ಡವ್ವ. ನೆಟ್ಟಗೆ ಕೂತಳು.

ಕಬ್ಬೇ. ಅಲ್ಲಿಂದ ಮುಂದೆ ಅವಳೇ ಅರ್ಧ ಕತೆ ಹೇಳಿದಳು. ಕಡಿದ ಕಬ್ಬನ್ನು ಇಡೋಕಾಗಲ್ಲ, ಹಾಲು ಹುಳಿಯಾಗುತ್ತೆ. ಹಾಗಾಗಿ ಹಂಗಾಮಿನಲ್ಲಿ ಗಾಣಕ್ಕೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಕೊಪ್ಪರಿಗೆ ಹತ್ತಿರ ನಿಂತವನಿಗೆ ಮುಂದೆ ಬೆಂಕಿ, ಹಿಂದೆ ಚಳಿ. ಗಾಣಕ್ಕೆ ಕಬ್ಬು ಕೊಡುವವನಿಗೆ ಮಾತ್ರ ತೂಕಡಿಕೆ ಬರಬಾರದು. ಅವಳ ಮೈದುನನ ಬಲಗೈಯ ಮೂರು ಬೆರಳು ಹೋದದ್ದು ಹಾಗೆ, ಬೆಳಗಿನ ಜಾವ ನಾಲ್ಕು ಗಂಟೆಗೆ. ನಾನು ಆ ಕೈಯನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದೇ ಕೈಯಲ್ಲಿ ಅಚ್ಚು ಬೆಲ್ಲ ಮುರಿದು ಕೊಡುತ್ತಿದ್ದರು. ಯಾಕೆ ಹಾಗಾಯಿತು ಅಂತ ಒಂದು ಸಲವೂ ಕೇಳಿರಲಿಲ್ಲ.

ಆಗ ನಾನು ಓದಿದ್ದನ್ನು ಹೇಳಿದೆ. ಆ ದ್ವೀಪಗಳಲ್ಲಿ ಗಾಣದ ಪಕ್ಕದಲ್ಲೇ ಒಂದು ಮಚ್ಚು ಇಟ್ಟಿರುತ್ತಿದ್ದರು. ಕೈ ಸಿಕ್ಕಿಕೊಂಡರೆ ಗಾಣ ನಿಲ್ಲಿಸುತ್ತಿರಲಿಲ್ಲ, ಕೈ ಕಡಿಯುತ್ತಿದ್ದರು. ಮಕಾಂಡಲ್ ಅನ್ನುವವನು ಹಾಗೆ ಒಂದು ಕೈ ಕಳೆದುಕೊಂಡವನು ಅಂತ ಹೇಳುತ್ತಾರೆ. ಆಮೇಲೆ ಅವನು ಬೆಟ್ಟ ಸೇರಿ, ಒಡೆಯರಿಗೆ ವಿಷ ಹಾಕಿಸುವ ದೊಡ್ಡ ಜಾಲವನ್ನೇ ಕಟ್ಟಿದ. 1758ರಲ್ಲಿ ಅವನನ್ನು ಊರ ನಡುವೆ ಸುಟ್ಟರು.

ದೊಡ್ಡವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

ಗುಲಾಮರು ದಂಗೆ ಎದ್ದ 1791ರ ಆಗಸ್ಟ್ 22ರ ರಾತ್ರಿಯನ್ನು ನಾನು ಚೆನ್ನಾಗಿ ಹೇಳುತ್ತೇನೆ ಅಂದುಕೊಂಡಿದ್ದೆ. ನನ್ನ ಹಸ್ತಪ್ರತಿ ಶುರುವಾಗುತ್ತಿದ್ದದ್ದೇ ಅಂಥ ರಾತ್ರಿಯಿಂದ. ಬೂಕ್ಮನ್ ಅನ್ನುವ ಗುಲಾಮ ಮುಂದಾಳಾಗಿ ನಿಂತದ್ದು, ಉತ್ತರದ ಬಯಲಿನ ಗದ್ದೆಗಳಿಗೆ ಬೆಂಕಿ ಬಿದ್ದದ್ದು, ಸುಟ್ಟ ಕಬ್ಬಿನ ಗರಿ ಹಾರಿ ಬಂದು ಪಟ್ಟಣದ ಮೇಲೆ ಬೂದಿಯಾಗಿ ಸುರಿದದ್ದು. ಅವಳು ಎಲ್ಲ ಕೇಳಿದಳು. ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಬಗ್ಗಿಸಿ ನನಗೆ ಕೊಟ್ಟಳು. ಆಮೇಲೆ ಕೇಳಿದಳು:

"ಅವ್ರು ಏನ್ ಉಣ್ತಿದ್ರು ಮಗಾ? ಐದು ಲಕ್ಷ ಜನ ಅಂತೀಯ. ಅಷ್ಟು ಜನಕ್ಕೆ ಯಾರು ಬೇಯ್ಸಾಕ್ತಿದ್ರು?"

ಮುನ್ನೂರು ಪುಟ ಬರೆದಿದ್ದೆ. ಅದರಲ್ಲಿ ಒಂದೇ ಒಂದು ಊಟ ಇರಲಿಲ್ಲ.

ಗೊತ್ತಿರಲಿಲ್ಲ ಅಂತಲ್ಲ. ಓದಿದ್ದೆ, ಮುಖ್ಯ ಅನ್ನಿಸಿರಲಿಲ್ಲ. ಗುಲಾಮರಿಗೆ ಊಟ ಹಾಕೋದು ಖರ್ಚು ಅಂತ ಒಡೆಯರು ತೋಟದ ಅಂಚಿನಲ್ಲಿ, ಕಬ್ಬು ಬಾರದ ಇಳಿಜಾರಿನಲ್ಲಿ, ಸಣ್ಣ ಸಣ್ಣ ತುಂಡು ನೆಲ ಬಿಟ್ಟಿರುತ್ತಿದ್ದರು. ಭಾನುವಾರ ಅಲ್ಲಿ ಗೆಣಸು, ಮರಗೆಣಸು, ಬಾಳೆ, ಕುಂಬಳ ಬೆಳೆದುಕೊಳ್ಳಬೇಕು. ಮಿಕ್ಕಿದ್ದನ್ನು ಸಂತೆಯಲ್ಲಿ ಮಾರಬಹುದು. ಇಷ್ಟು ಹೇಳಿದೆ.

"ಹಂಗಾದ್ರೆ ಹಿತ್ಲು ಇತ್ತು ಅನ್ನು" ಅಂದಳು.

ಆ ಮಾತು ನನ್ನ ಪುಸ್ತಕವನ್ನು ಬುಡಸಮೇತ ಅಲ್ಲಾಡಿಸಿತು. ಯಾಕೆ ಅಂದರೆ ಕತೆಯ ಮುಂದಿನ ಭಾಗ ನನಗೆ ಯಾವತ್ತೂ ಸರಿಯಾಗಿ ಕೂತಿರಲಿಲ್ಲ. 1793ರಲ್ಲಿ ದ್ವೀಪದಲ್ಲಿ ಗುಲಾಮಗಿರಿ ಹೋಯಿತು, 1794ರ ಫೆಬ್ರವರಿಯಲ್ಲಿ ಪ್ಯಾರಿಸ್ ಕೂಡ ಒಪ್ಪಿತು. ಆಮೇಲೆ ಅಧಿಕಾರಕ್ಕೆ ಬಂದ ತೂಸಾಂ ಲುವೆರ್ತ್ಯೂರ್ ತಾನೂ ಗುಲಾಮನಾಗಿ ಹುಟ್ಟಿದವನು. ದೊಡ್ಡ ಮನುಷ್ಯ. ಆದರೆ ಅವನೇ ಜನರನ್ನು ಮತ್ತೆ ಕಬ್ಬಿನ ತೋಟಕ್ಕೆ ಕಳಿಸಿದ. ಬೆಳೆಯಲ್ಲಿ ಕಾಲು ಪಾಲು ನಿಮ್ಮದು, ಆದರೆ ತೋಟ ಬಿಟ್ಟು ಹೋಗುವಂತಿಲ್ಲ, ಕಾವಲಿಗೆ ಸೈನಿಕರು. ಸೈನ್ಯಕ್ಕೆ ಬಂದೂಕು ಬೇಕು, ಬಂದೂಕಿಗೆ ಸಕ್ಕರೆ ಮಾರಬೇಕು ಅನ್ನುವುದು ಅವನ ಲೆಕ್ಕ. 1801ರಲ್ಲಿ ಉತ್ತರದಲ್ಲಿ ದುಡಿಯುವವರು ತಿರುಗಿಬಿದ್ದರು. ಅವರ ಪರ ನಿಂತವನು ಅಂತ ತನ್ನ ಮಗನಂತೆ ಸಾಕಿದ್ದ ಮೊಯಿಸ್‌ನನ್ನೇ ತೂಸಾಂ ಗುಂಡಿಕ್ಕಿ ಕೊಲ್ಲಿಸಿದ. ಬಿಡುಗಡೆ ಸಿಕ್ಕಮೇಲೆ ಈ ಜನ ಯಾಕೆ ತಮ್ಮ ನಾಯಕನ ಮೇಲೇ ಎದ್ದರು? ಐದು ವರ್ಷದಿಂದ ನಾನು ಇದಕ್ಕೆ ದೊಡ್ಡ ದೊಡ್ಡ ಕಾರಣ ಹುಡುಕುತ್ತಿದ್ದೆ.

ದೊಡ್ಡವ್ವ ಯೋಚನೆ ಕೂಡ ಮಾಡಲಿಲ್ಲ. "ಪಾಲು ಕೊಟ್ರೂ ಅದೇ ಗಾಣ ತಾನೆ? ಅವ್ರು ಕೇಳಿದ್ದು ಹಿತ್ಲು."

ಮೂರು ಮುಕ್ಕಾಲಿಗೆ ಒಳಗಿನಿಂದ ನರ್ಸ್ ಬಂದು ನನ್ನ ಹೆಸರು ಕರೆದರು.

ಹೊರಗೆ ಬಂದಾಗ ದೊಡ್ಡವ್ವ ಬಾಗಿಲ ಪಕ್ಕ ನಿಂತಿದ್ದಳು. ನಾನು ಒಳಗೆ ಹೋಗುವಾಗ ಬಿಟ್ಟುಹೋಗಿದ್ದ ಚಪ್ಪಲಿ ಅವಳ ಕೈಯಲ್ಲಿತ್ತು. ಗಲಾಟೆಯಲ್ಲಿ ಯಾರಾದರೂ ಒದ್ದುಬಿಡುತ್ತಾರೆ ಅಂತ ಎತ್ತಿಕೊಂಡಿದ್ದಳು. ಬಗ್ಗಿ ನನ್ನ ಕಾಲಿನ ಹತ್ತಿರ ಇಟ್ಟಳು. ಎಪ್ಪತ್ನಾಲ್ಕು ವರ್ಷದ ಹೆಂಗಸು ನನ್ನ ಕಾಲ ಬಳಿ ಚಪ್ಪಲಿ ಇಟ್ಟಳು. ನಾನು ಅಲ್ಲೇ ಕೂತುಬಿಟ್ಟೆ.

ಆಮೇಲಿನ ಏಳು ತಿಂಗಳು ಒಂದು ಸಾಲು ಬರೆಯಲಿಲ್ಲ. ಕಾರಣ ಯಾರಿಗೂ ಹೇಳಿರಲಿಲ್ಲ, ಇಲ್ಲಿ ಹೇಳುತ್ತೇನೆ. ಅಪ್ಪನ ಕೊನೆಯ ಆರು ಗಂಟೆ ನಾನು ಗೋಡೆಯಾಚೆ ಕೂತು ಇಲ್ಲದ ಒಂದು ದ್ವೀಪದ ಕತೆ ಹೇಳುತ್ತಿದ್ದೆ. ಆ ದ್ವೀಪದ ಮೇಲೆ ಅಸಹ್ಯ ಬಂದುಬಿಟ್ಟಿತು. ಲ್ಯಾಪ್‌ಟಾಪ್ ತೆಗೆದರೆ ಆ ಕಾರಿಡಾರಿನ ಫಿನೈಲ್ ವಾಸನೆ ಬರುತ್ತಿತ್ತು. ಎಲ್ಲ ಅಳಿಸಿಬಿಡೋಣ ಅಂತ ಎರಡು ಸಲ ಕೂತಿದ್ದೆ.

ಪ್ರತಿ ಭಾನುವಾರ ದೊಡ್ಡವ್ವ ಫೋನ್ ಮಾಡುತ್ತಿದ್ದಳು. ಉಂಡ್ಯಾ, ಅವ್ವ ಹೆಂಗವ್ಳೆ, ಇಷ್ಟು ಕೇಳಿ, ಇಡೋಕೆ ಮುಂಚೆ, "ಆ ದ್ವೀಪದವ್ರು ಏನಾದ್ರು?" ಅನ್ನುತ್ತಿದ್ದಳು. ಬರಿ ಅಂತ ಒಂದು ದಿನವೂ ಹೇಳಲಿಲ್ಲ. ಏನಾದ್ರು ಅಂತ ಮಾತ್ರ. ಅವಳಿಗೆ ಆ ರಾತ್ರಿ ಕತೆ ಅರ್ಧಕ್ಕೆ ನಿಂತಿತ್ತು, ಅಷ್ಟೇ. ಒಂದು ಭಾನುವಾರ ಫೋನಿನಲ್ಲೇ ಮುಂದುವರಿಸಿದೆ. 1802ರಲ್ಲಿ ನೆಪೋಲಿಯನ್ ಕಳಿಸಿದ ಸೈನ್ಯ, ತೂಸಾಂನನ್ನು ಮಾತುಕತೆಗೆ ಅಂತ ಕರೆದು ಹಿಡಿದದ್ದು, 1803ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಚಳಿಯ ಕೋಟೆಯೊಂದರಲ್ಲಿ ಅವನು ಸತ್ತದ್ದು. ಅವಳು "ಮನೆಯವ್ರು ಹತ್ರ ಇದ್ರಾ?" ಅಂದಳು. ಇರಲಿಲ್ಲ ಅಂದೆ. ಇಬ್ಬರೂ ಸುಮ್ಮನಾದೆವು. ಆಮೇಲೆ ಅಳು ಬಂತು. ಏಳು ತಿಂಗಳಲ್ಲಿ ಅವತ್ತೇ ಸರಿಯಾಗಿ ಅತ್ತದ್ದು. ಅವಳು ಫೋನ್ ಇಡದೆ ಕೇಳಿಸಿಕೊಂಡಳು.

ಮರುದಿನ ಮೊದಲ ಅಧ್ಯಾಯ ತೆಗೆದು ಹಾಕಿದೆ. ಈಗ ಪುಸ್ತಕ ಬೆಂಕಿಯಿಂದ ಶುರುವಾಗುವುದಿಲ್ಲ. ಒಬ್ಬಳು ಹೆಂಗಸು ಭಾನುವಾರ ಬೆಳಿಗ್ಗೆ ಇಳಿಜಾರಿನಲ್ಲಿ ಕುಂಬಳದ ಬೀಜ ಊರುತ್ತಾಳೆ, ಅಲ್ಲಿಂದ ಶುರು. ಆಳ್ವಿಕೆ ಕುಸಿಯುವುದು ಕೂಡ ಈಗ ಒಂದು ಯುದ್ಧದಿಂದ ಅಲ್ಲ. ನಿಜವಾದ ದ್ವೀಪದಲ್ಲೂ ಹಾಗೇ ಆಗಿತ್ತು. ದೊಡ್ಡ ಜಮೀನ್ದಾರರು, ಬಡ ಬಿಳಿಯರು, ಮಿಶ್ರ ವರ್ಣದ ಸ್ವತಂತ್ರರು ಒಬ್ಬರನ್ನೊಬ್ಬರು ತಿನ್ನುತ್ತಿದ್ದರು. ಹಳದಿ ಜ್ವರ ಫ್ರೆಂಚ್ ಸೈನ್ಯವನ್ನು ತಿಂದಿತು, 1802ರ ನವೆಂಬರಿನಲ್ಲಿ ದಂಡನಾಯಕ ಲೆಕ್ಲರ್ಕ್‌ನನ್ನೇ ಕೊಂದಿತು. ಫ್ರೆಂಚರದ್ದೇ ಇನ್ನೊಂದು ದ್ವೀಪ ಗ್ವಾಡೆಲೂಪ್‌ನಲ್ಲಿ ಗುಲಾಮಗಿರಿ ವಾಪಸ್ ಬಂತು ಅನ್ನುವ ಸುದ್ದಿ ಹಬ್ಬಿದ ಮೇಲೆ ಹಿಂದೆ ಸರಿಯುವ ಮಾತೇ ಇರಲಿಲ್ಲ. 1803ರ ನವೆಂಬರ್ 18ಕ್ಕೆ ವೆರ್ತಿಯೇರ್‌ನಲ್ಲಿ ಕೊನೆಯ ಕಾಳಗ, 1804ರ ಜನವರಿ 1ಕ್ಕೆ ತೂಸಾಂನ ಸೇನಾಪತಿಯಾಗಿದ್ದ ದೆಸಲೀನ್ ಸ್ವಾತಂತ್ರ್ಯ ಸಾರಿದ. ಜನ ಬೆಟ್ಟದ ಕಡೆ ಹೋಗಿ ಸಣ್ಣ ಸಣ್ಣ ನೆಲ ಹಿಡಿದರು. ಒಂದು ಅಂಗಳದ ಸುತ್ತ ಬಂಧುಗಳ ಮನೆ, ಹಿಂದೆ ತರಕಾರಿ. ಅದಕ್ಕೆ ಅಲ್ಲಿ ಲಾಕು ಅಂತಾರೆ. ಆ ಪದ ಮೊದಲೇ ಓದಿದ್ದೆ, ಅರ್ಥವಾದದ್ದು ದೊಡ್ಡವ್ವನಿಂದ.

ಕೊನೆಯ ಭಾಗ, ಸಾಲದ ಭಾಗ, ಬೇಡ ಅಂತ ಕೆಲವರು ಹೇಳಿದ್ದಿರಿ. ಪ್ರೀತಿಯಿಂದಲೇ ಹೇಳಿದ್ದಿರಿ. ಉಳಿಸಿದ್ದೇನೆ. 1825ರಲ್ಲಿ ಫ್ರಾನ್ಸ್ ಯುದ್ಧದ ಹಡಗು ಕಳಿಸಿ, ನಮ್ಮ ಆಸ್ತಿ ಹೋಯಿತು, 15 ಕೋಟಿ ಫ್ರಾಂಕ್ ಕೊಡಿ ಅಂತ ಕೇಳಿತು. ಆ ಆಸ್ತಿಯಲ್ಲಿ ಈ ಜನರೂ ಸೇರಿದ್ದರು. ತಮ್ಮ ಮೈಗೆ ತಾವೇ ಬೆಲೆ ಕಟ್ಟಬೇಕಾಯಿತು. 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಿದರು. ಅದನ್ನು ತೀರಿಸೋಕೆ ಸಾಲ, ಆ ಸಾಲಕ್ಕೆ ಮತ್ತೆ ಸಾಲ. ಎಲ್ಲ ಮುಗಿದದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ಬಡ್ಡಿ ಕಟ್ಟಲಾಗದೆ ಆಲೆಮನೆ ಮುಚ್ಚಿದ ಮನೆಯವಳಿಗೆ ಇದನ್ನು ವಿವರಿಸಬೇಕಾಗಲಿಲ್ಲ. "ಬುಡಬ್ಯಾಡ, ಬರಿ" ಅಂದಳು. ಬರಿ ಅಂತ ಅವಳು ಹೇಳಿದ್ದು ಅದೊಂದೇ ಸಲ.

ಹೈಟಿಯಲ್ಲಿ ಪ್ರತಿ ಜನವರಿ 1ಕ್ಕೆ ಮನೆಮನೆಯಲ್ಲೂ ಕುಂಬಳಕಾಯಿಯ ಸೂಪ್ ಮಾಡುತ್ತಾರೆ. ಸೂಪ್ ಜೂಮೂ. ಗುಲಾಮರು ಒಡೆಯರಿಗೆ ಬೇಯಿಸಿ ಬಡಿಸುತ್ತಿದ್ದ, ತಾವು ಮಾತ್ರ ಮುಟ್ಟುವಂತಿಲ್ಲದ ಸೂಪು ಅಂತ ಅಲ್ಲಿನವರು ಹೇಳುತ್ತಾರೆ. ಈ ಜನವರಿ 1ಕ್ಕೆ ಕೊನೆಯ ಪುಟ ಮುಗಿಸಿ ಮದ್ದೂರಿಗೆ ಹೋಗಿದ್ದೆ. ಸಂಗತಿ ಹೇಳಿದೆ. ದೊಡ್ಡವ್ವ ಹಿತ್ತಲಿಗೆ ಹೋಗಿ ಒಂದು ಸಿಹಿಗುಂಬಳ ಕೊಯ್ದು ತಂದಳು. ಸೂಪು ಅವಳಿಗೆ ಗೊತ್ತಿಲ್ಲ. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಸಾರು ಮಾಡಿದಳು, ಮುದ್ದೆ ಜೊತೆ. ಅಮ್ಮ, ತಮ್ಮ, ನಾನು, ಬೆರಳಿಲ್ಲದ ಚಿಕ್ಕಪ್ಪ, ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತು ಉಂಡೆವು.

ಮುಂದಿನ ಭಾನುವಾರ ಮೊದಲ ಪ್ರತಿ ತೆಗೆದುಕೊಂಡು ಹೋಗುತ್ತಿದ್ದೇನೆ. ಅವಳಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ನಾನೇ ಓದಬೇಕು. ಬೆಳಿಗ್ಗೆಯೇ ಬಾ, ಬಿಸಿಲು ಏರೋಕೆ ಮುಂಚೆ ಜಗಲಿಯಲ್ಲಿ ಕೂರೋಣ ಅಂದಿದ್ದಾಳೆ.