ಗೂಡ್ಸ್ ರೈಲುಗಳ ಕೆಲಸ: ಭಾನುವಾರದೊಳಗೆ ನೋಡಿ

ಸ್ನೇಹಿತರೇ, ನಮಸ್ಕಾರ. ನಮ್ಮ ಸಿಮ್ಯುಲೇಟರ್‌ನಲ್ಲಿ (ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟ) ಬಳ್ಳಾರಿ–ಹೊಸಪೇಟೆ–ಕೊಪ್ಪಳ–ಗದಗ ಹಳೆಯ ಮೀಟರ್ ಗೇಜ್ ಮಾರ್ಗದ ಹಳಿ ಹಾಸುವ ಕೆಲಸ ಮುಗಿದಿದೆ. ಇನ್ನು ಸರಕು ಸಾಗಣೆ. ನನಗೆ ಇದೇ ಮಾರ್ಗದ ಜೀವಾಳ ಅನಿಸುತ್ತದೆ.

ಕಳೆದ ವಾರ ಹಾಕಿದ್ದ ಬಾಕ್ಸ್‌ಎನ್ ಎಂಬ ತೆರೆದ ಸರಕು ವ್ಯಾಗನ್‌ಗಳನ್ನು ತೆಗೆದಿದ್ದೇನೆ. ಅವು ಹಳಿಗಳ ನಡುವೆ 1676 ಮಿ.ಮೀ. ಅಂತರವಿರುವ ಬ್ರಾಡ್ ಗೇಜಿನವು, ನಮ್ಮ ಹಳಿಗಳ ಅಂತರ 1000 ಮಿ.ಮೀ. ಉಗಿ ಎಂಜಿನ್‌ಗಳಲ್ಲಿ ಸರಕಿನ ಗಾಡಿಗೆ ಮಾಡಿದ ವೈಜಿ ಇರಲಿ, ವೈಪಿ ಬೇಡ. ವೈಪಿ ಪ್ರಯಾಣಿಕರ ಗಾಡಿಗೆ ಮಾಡಿದ್ದು. ವೈಜಿಯ ಎಂಟು ಚಾಲಕ ಚಕ್ರಗಳು ಭಾರದ ಗಾಡಿಯನ್ನು ಎಳೆಯುವ ರೀತಿಯೇ ಬೇರೆ. ಗಾಡಿಯ ಕೊನೆಯಲ್ಲಿ ಗಾರ್ಡ್ ಕೂರುವ ಬ್ರೇಕ್‌ವ್ಯಾನ್ ಮರೆಯಬೇಡಿ.

ಸರಕು: ಹೊಸಪೇಟೆಯಲ್ಲಿ ಸಂಡೂರು ಕಡೆಯ ಮ್ಯಾಂಗನೀಸ್ ಅದಿರು, ಬಳ್ಳಾರಿ, ಕೊಪ್ಪಳದಲ್ಲಿ ಹತ್ತಿ ಮತ್ತು ಶೇಂಗಾ. ಹತ್ತಿ ಅಂಡಿಗೆಗಳಿಗೆ ಮುಚ್ಚಿದ ವ್ಯಾಗನ್, ಅದಿರಿಗೆ ತೆರೆದದ್ದು.

ಒಂಟಿ ಹಳಿಯಾದ್ದರಿಂದ ಕ್ರಾಸಿಂಗ್ (ಎದುರು ಬದುರಿನ ಗಾಡಿಗಳು ಸ್ಟೇಷನ್ನಿನಲ್ಲಿ ಒಂದನ್ನೊಂದು ದಾಟುವುದು) ಬಗ್ಗೆ ಬಹಳ ಯೋಚಿಸಬೇಕು. ಟೋಕನ್ (ಮುಂದೆ ಹೋಗಲು ಅನುಮತಿಯಾಗಿ ಚಾಲಕನಿಗೆ ಕೊಡುವ ಲೋಹದ ಗುಂಡು) ಕೈಗೆ ಬರುವವರೆಗೆ ಗಾಡಿ ಮುಂದಿನ ಸ್ಟೇಷನ್ನಿನ ಕಡೆ ಹೊರಡುವಂತಿಲ್ಲ. ಆ ಗುಂಡು, ಅದನ್ನಿಟ್ಟ ಚರ್ಮದ ಚೀಲ, ತೋಳಿಗೆ ಸಿಕ್ಕಿಸಿಕೊಳ್ಳುವ ದೊಡ್ಡ ಬಳೆ, ಎಲ್ಲವೂ ಕಾಣಬೇಕೆಂಬುದು ನನ್ನ ಆಸೆ. ಗಿಣಿಗೇರಾದಲ್ಲಿ ಗೂಡ್ಸ್ ಲೂಪಿನಲ್ಲಿ (ಸ್ಟೇಷನ್ನಿನ ಪಕ್ಕದ ಹಳಿ) ನಿಂತು, ಪ್ಯಾಸೆಂಜರ್ ಹಾದುಹೋಗುವುದನ್ನು ಕಾಯಲಿ. ಆ ಕಾಯುವಿಕೆಯನ್ನು ದಯವಿಟ್ಟು ಕತ್ತರಿಸಬೇಡಿ, ಗೂಡ್ಸ್ ಓಡಿಸುವವರ ಬದುಕೇ ಅದು.

ವೇಳಾಪಟ್ಟಿಯ ಕಡತ ಇಲ್ಲೇ ಹಾಕಿದ್ದೇನೆ. ಮನೆಯಲ್ಲಿ ರೈಲ್ವೆಯಲ್ಲಿ ದುಡಿದ ಹಿರಿಯರಿದ್ದರೆ ತೋರಿಸಿ, ಅವರು ಹೇಳುವ ತಿದ್ದುಪಡಿಯನ್ನು ಭಾನುವಾರದೊಳಗೆ ಕಳುಹಿಸಿ.